ಒಂದರಿಂದ ಒಂಬತ್ತರವರೆಗೆ

2022ರ ಜನವರಿ 4ರಂದು ಹೊರಬಿದ್ದ ಕೋವಿಡ್ ನಿರ್ಬಂಧಗಳ ಪಟ್ಟಿಯಲ್ಲಿ ಶಾಲೆಗೆ ಸಿಕ್ಕ ಜಾಗ ತೀರಾ ಕಡಿಮೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 6ನೇ ತಾರೀಖಿನಿಂದ ಎರಡು ವಾರ ಒಂದರಿಂದ ಒಂಬತ್ತನೇ ತರಗತಿವರೆಗೆ ಮಕ್ಕಳು ಶಾಲೆಗೆ ಬರುವಂತಿಲ್ಲ, ಪಾಠ ಆನ್‌ಲೈನ್‌ನಲ್ಲಿ. ಹತ್ತನೇ ತರಗತಿ ಮತ್ತು ಪಿಯುಸಿ ಎಂದಿನಂತೆ. ಅದೇ ಪಟ್ಟಿಯಲ್ಲಿ ಚಿತ್ರಮಂದಿರ, ಮಾಲ್, ಹೋಟೆಲ್, ಬಾರ್‌ಗಳು ಅರ್ಧದಷ್ಟು ಜನರನ್ನು ಇಟ್ಟುಕೊಂಡು ನಡೆಯಬಹುದು ಎಂದಿತ್ತು. ಎರಡು ಡೋಸ್ ಆಗಿರಬೇಕು ಎಂಬುದು ಷರತ್ತು. ಹದಿನೈದು ದಾಟಿದವರಿಗೆ ಲಸಿಕೆ ಶುರುವಾಗಿದ್ದೇ ಅದರ ಹಿಂದಿನ ದಿನ, ಜನವರಿ 3ಕ್ಕೆ. ಆರು ವರ್ಷದವರಿಗೆ ಲಸಿಕೆಯೇ ಇರಲಿಲ್ಲ, ಹಾಗಾಗಿ ಆ ಷರತ್ತನ್ನು ಅವರು ಪೂರೈಸುವಂತೆಯೇ ಇರಲಿಲ್ಲ.

ನಾನು ಆನೇಕಲ್ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಜೊತೆ ಇರುತ್ತಾರೆ. ನಮ್ಮ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಕಾರ್ಖಾನೆಗಳು, ಒಳಕ್ಕೆ ಹೋದರೆ ರಾಗಿ ಹೊಲ, ಹೂವಿನ ತೋಟ. ಸರ್ಜಾಪುರ ದಾಟಿದರೆ ಮಾಲೂರು, ಅದು ಕೋಲಾರ ಜಿಲ್ಲೆ. ಕಾಡಿನ ಆಚೆ ಕನಕಪುರ, ಅದು ಆಗ ರಾಮನಗರ ಜಿಲ್ಲೆ. ಆದೇಶ ಬಂದಾಗ ಅದು ನಮ್ಮ ಜಿಲ್ಲೆಗೆ ಮಾತ್ರ. ಒಂದೇ ರೋಗ, ಒಂದೇ ಬಸ್ಸು, ಒಂದೇ ಕಾರ್ಖಾನೆಗೆ ಹೋಗುವ ಅಪ್ಪಂದಿರು. ಆದರೆ ಗಡಿಯ ಈಚೆಗಿನ ಮಗುವಿಗೆ ಶಾಲೆ ಇಲ್ಲ, ಆಚೆಯದಕ್ಕೆ ಇದೆ. ಆಮೇಲೆ ಬೇರೆ ಕಡೆಗಳಲ್ಲೂ ಆಯಾ ಜಿಲ್ಲಾಧಿಕಾರಿಗಳು ಮುಚ್ಚಿಸಿದರು, ಅದು ಬೇರೆ ಮಾತು.

ಆ ದಿನ ಮೂರನೇ ತರಗತಿಯಲ್ಲಿದ್ದ ಮಗುವಿನ ಲೆಕ್ಕ ಹಾಕಿ ನೋಡಿ. 2019ರ ಬೇಸಿಗೆ ರಜೆ ಮುಗಿದ ಮೇಲೆ ಅದು ಒಂದನೇ ತರಗತಿಗೆ ಸೇರಿತು. 2020ರ ಮಾರ್ಚ್ ಮಧ್ಯದಲ್ಲಿ ಶಾಲೆ ನಿಂತಿತು. ಎರಡನೇ ತರಗತಿಯಲ್ಲಿ ಅದು ಕಂಡದ್ದು ವಿದ್ಯಾಗಮ ಮಾತ್ರ. ಆಗಸ್ಟ್‌ನಿಂದ ಅಕ್ಟೋಬರ್ 10ರವರೆಗೆ ಗುಡಿ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ನಾವು ನಡೆಸಿದ ವಠಾರ ಪಾಠ ಅದು. ಮೂರನೇ ತರಗತಿಗೆ ಬಂದದ್ದೂ ಮನೆಯಲ್ಲಿ ಇದ್ದುಕೊಂಡೇ. 2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆದವು. ಅಲ್ಲಿಂದ ಜನವರಿ 5ಕ್ಕೆ ಹತ್ತು ವಾರ. ಒಂದೂವರೆ ವರ್ಷಕ್ಕೂ ಹೆಚ್ಚು ಕಳೆದುಕೊಂಡ ಮಗುವಿಗೆ ಸಿಕ್ಕ ಹತ್ತು ವಾರ ಅದು.

ಒಂದನೇ ತರಗತಿಯವರ ಕಥೆ ಇನ್ನೂ ಬೇರೆ. ಅಂಗನವಾಡಿಯೂ ಮುಚ್ಚಿದ್ದರಿಂದ ಆ ಮಕ್ಕಳು ಗುಂಪಿನಲ್ಲಿ ಕೂತದ್ದೇ ಇರಲಿಲ್ಲ. ಬಿಸಿಯೂಟದ ಮೊದಲ ವಾರ ಒಬ್ಬ ಹುಡುಗ ತಟ್ಟೆಯ ಮುಂದೆ ಕೂತು ತುತ್ತು ಎತ್ತದೆ ನನ್ನ ಮುಖವನ್ನೇ ನೋಡುತ್ತಿದ್ದ. ಇಷ್ಟು ಜನ ಒಟ್ಟಿಗೆ ಉಣ್ಣುವುದನ್ನು ಅವನು ನೋಡಿರಲಿಲ್ಲ. ಆ ವರ್ಷ ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ನಮ್ಮಲ್ಲಿಗೆ ಬಂದ ಮಕ್ಕಳೂ ಇದ್ದರು, ಎಬಿಸಿಡಿ ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಮನೆಯಲ್ಲಿ ತಮಿಳು, ತೆಲುಗು, ಹಿಂದಿ ಆಡುವ ಮಕ್ಕಳು. ಡಿಸೆಂಬರ್ ಹೊತ್ತಿಗೆ ಇವರೆಲ್ಲ ಒಬ್ಬರ ಹೆಸರು ಒಬ್ಬರು ಕೂಗಿ ಜಗಳ ಆಡುವಷ್ಟು ಹತ್ತಿರವಾಗಿದ್ದರು. ಕಲಿಕೆ ಶುರುವಾಗುವುದು ಅಲ್ಲಿಂದಲೇ.

ನಲಿ-ಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಸೇರಿ, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಪುಟ್ಟ ತರಗತಿಗಳಿಗೆ ಹರಡಿತು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತು, ಆ ಗುರುತಿನ ಕಾರ್ಡು. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ತಾನೇ ನೋಡಿಕೊಂಡು, ಕಾರ್ಡು ಎತ್ತಿಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ನಾನು ಪೂರ್ತಿ ಬೇಕು. ಇನ್ನೊಂದಕ್ಕೆ ಅರ್ಧ. ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ. ಕಡೆಯ ಗುಂಪಿನವರು ತಾವೇ ಕಲಿಯುತ್ತಾರೆ. ಒಂದನೇ ತರಗತಿಯ ಮಗುವಿಗೆ ಮೂರನೇ ತರಗತಿಯ ಹುಡುಗಿ ಬೆರಳು ಹಿಡಿದು ತಿದ್ದಿಸುತ್ತಾಳೆ, ಹಾಗೆ ತಿದ್ದಿಸುತ್ತ ತನ್ನ ಓದನ್ನೂ ಗಟ್ಟಿ ಮಾಡಿಕೊಳ್ಳುತ್ತಾಳೆ. ನೆಲದ ಹತ್ತಿರ ಗೋಡೆಗೆ ಉದ್ದಕ್ಕೂ ಕಪ್ಪುಹಲಗೆ, ಪ್ರತಿಯೊಬ್ಬರಿಗೂ ಅದರಲ್ಲೊಂದು ತುಂಡು. ಇದರಲ್ಲಿ ಯಾವುದು ಫೋನಿನೊಳಗೆ ಹೋಗುತ್ತದೆ?

ಅಕ್ಷರದ ಕ್ರಮವೂ ಬೇರೆ. ನಾವು ಅ ಆ ಇ ಈ ಇಂದ ಶುರು ಮಾಡುವುದಿಲ್ಲ. ಮೊದಲ ಕಂತು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ, ಐದು ಅಕ್ಷರ ಬಂದ ಕೂಡಲೇ ಅರಸ, ದರ, ಸರ ಎಂದು ಪದ ಓದಬಹುದು. ಮಗು ಮೊದಲ ಪದ ಓದಿದಾಗ ಅದರ ಮುಖ ನೋಡಿದವರಿಗೆ ಈ ಕ್ರಮದ ಬೆಲೆ ಗೊತ್ತು. ಆದರೆ ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಗೊತ್ತಿರುವುದು ಅ ಆ ಇ ಈ. ವಾಟ್ಸಾಪಿನಲ್ಲಿ ನಾನು ರಗಸದಅ ಹಾಡು ಕಳಿಸಿದರೆ ಅವರು ಪಾಪ ತಬ್ಬಿಬ್ಬಾಗುತ್ತಿದ್ದರು. 'ಮಿಸ್, ಏನೋ ತಪ್ಪಾಗಿ ಕಳಿಸಿದೀರಾ, ಅಆ ನಡುವಿಂದ ಶುರುವಾಗೈತೆ' ಎಂದು ಒಬ್ಬ ತಾಯಿ ಕರೆ ಮಾಡಿ ಹೇಳಿದರು. ಅಕ್ಷರ ಬಲ್ಲ ತಾಯಿ ಅವರು, ಮಗುವಿಗಾಗಿ ಹೊತ್ತು ಕೊಡಲು ಸಿದ್ಧವಿದ್ದವರು. ಅವರಿಗೂ ನನಗೂ ನಡುವೆ ಒಂದು ಫೋನು ಮಾತ್ರ ಇದ್ದಾಗ ಅವರ ಆಸಕ್ತಿ ನನ್ನ ಪಾಠಕ್ಕೆ ಸೇರಲಿಲ್ಲ.

ಫೋನಿನ ವಿಷಯ ಹೇಳಲೇಬೇಕು. ಗುಂಪಿನಲ್ಲಿ ಎಲ್ಲರ ನಂಬರೂ ಇತ್ತು. ಹಗಲು ಹೊತ್ತು ಆ ಫೋನುಗಳೆಲ್ಲ ಕಾರ್ಖಾನೆಯಲ್ಲಿ, ಗಾರ್ಮೆಂಟ್ಸಿನಲ್ಲಿ, ಆಟೋದಲ್ಲಿ, ಸೈಟಿನಲ್ಲಿ. 'ಫೋನು ಅವ್ರಪ್ಪನ ತಾವ ಇರ್ತದೆ ಮಿಸ್, ಅವ್ರು ಬರೋ ಹೊತ್ಗೆ ಮಗಾ ಮಲ್ಗಿರ್ತದೆ' ಎಂಬುದು ನಾನು ಅತಿ ಹೆಚ್ಚು ಕೇಳಿದ ಮಾತು. 2021ರ ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ ಖಾಸಗಿ ಮೊಬೈಲ್ ಕಂಪನಿಗಳೆಲ್ಲ ರೀಚಾರ್ಜ್ ದರ ಶೇ 20ರಿಂದ 25ರಷ್ಟು ಏರಿಸಿದ್ದವು. ತಿಂಗಳ ಪ್ಯಾಕ್ ಹಾಕಿಸುತ್ತಿದ್ದವರು ವಾರದ್ದಕ್ಕೆ ಇಳಿದಿದ್ದರು. ಪಾಠ ಮತ್ತೆ ಆನ್‌ಲೈನ್ ಎಂದದ್ದು ಅದಾದ ತಿಂಗಳೊಪ್ಪತ್ತಿಗೆ. ರಾತ್ರಿ ಹತ್ತರ ಮೇಲೆ ನೋಟ್‌ಬುಕ್ಕಿನ ಫೋಟೋಗಳು ಬರುತ್ತಿದ್ದವು, ಅಕ್ಷರ ದುಂಡಗೆ, ಸಾಲು ನೇರ. ಅದು ಅಕ್ಕನದೋ ಪಕ್ಕದ ಮನೆಯ ಪಿಯುಸಿ ಹುಡುಗಿಯದೋ ಕೈಬರಹ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ. ದಿನವಿಡೀ ನಿಂತು ದುಡಿದು ಬಂದವರು ಮಿಸ್ಸಿಗೆ ಉತ್ತರ ಕಳಿಸಬೇಕು ಎಂದುಕೊಂಡದ್ದೇ ದೊಡ್ಡದು.

ಶಿಕ್ಷಕರು ಮಾತ್ರ ದಿನವೂ ಶಾಲೆಗೆ ಬರಬೇಕಿತ್ತು. ನಾವು ಬಂದು ಬೀಗ ತೆಗೆದು, ಹಾಜರಿ ಹಾಕಿ, ಖಾಲಿ ಕೋಣೆಯಲ್ಲಿ ಕೂತು ಫೋನಿಗೆ ಪಾಠ ಹೇಳುತ್ತಿದ್ದೆವು. ಕಾಂಪೌಂಡಿನ ಆಚೆ ಅದೇ ಮಕ್ಕಳು ಗೋಲಿ ಆಡುತ್ತಿದ್ದರು. ನಮ್ಮದು ಊರ ನಡುವಿನ ಶಾಲೆ, ಮಕ್ಕಳ ಮನೆಗಳು ಕೂಗಳತೆಯಲ್ಲಿ. ಮಾಸ್ಕು ಇಲ್ಲ, ಅಂತರ ಇಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಿದ್ದರು. ಗೇಟಿನ ಸರಳು ಹಿಡಿದು 'ಮಿಸ್, ಒಳಕ್ ಬರ್ಲಾ?' ಎಂದು ಕೇಳುವರು. ಬೇಡ ಎಂದರೆ 'ನಾಳೆ ಇಸ್ಕೂಲ್ ಐತಾ?' ಶಾಲೆ ಮುಚ್ಚಿದ್ದರಿಂದ ಈ ಮಕ್ಕಳು ಸೋಂಕಿನಿಂದ ದೂರ ಉಳಿದರು ಎಂದು ಯಾರಾದರೂ ಹೇಳಿದರೆ ಆ ಗೇಟಿನ ಬಳಿ ಒಂದು ಗಂಟೆ ನಿಲ್ಲಿಸಿ ತೋರಿಸಬೇಕು ಅನ್ನಿಸುತ್ತಿತ್ತು.

ನಾಲ್ಕೈದು ದಿನ ನೋಡಿ ಹೆಡ್‌ಮಾಷ್ಟ್ರನ್ನು ಕೇಳಿದೆ, ಕಾರ್ಡುಗಳನ್ನು ಮಕ್ಕಳ ಕೈಗೆ ಕೊಡಲಾ ಎಂದು. ಅವರು ಆದೇಶದ ಪ್ರತಿಯನ್ನು ಮತ್ತೊಮ್ಮೆ ಓದಿದರು. 'ಮಕ್ಕಳನ್ನ ಒಳಗೆ ಸೇರಿಸಬೇಡಿ ಅಂತ ಇದೆ ಮೇಡಂ, ಕಾರ್ಡು ಹೊರಗೆ ಕೊಡಬೇಡಿ ಅಂತ ಇಲ್ಲ' ಎಂದರು. ಅಂದಿನಿಂದ ಬೆಳಿಗ್ಗೆ ಗೇಟಿನಲ್ಲೇ ಒಬ್ಬೊಬ್ಬರಿಗೆ ಅವರ ಮೆಟ್ಟಿಲಿನ ಕಾರ್ಡು ಕೊಟ್ಟು ನಿನ್ನೆಯದನ್ನು ಓದಿಸಿಕೊಳ್ಳುವುದು. ಒಂದೊಂದು ಮಗುವಿಗೆ ಎರಡು ಮೂರು ನಿಮಿಷ. ಅವರು ಕಾರ್ಡು ಹಿಡಿದು ಹೋಗಿ ಯಾರದೋ ಮನೆ ಜಗಲಿಯ ಮೇಲೆ ಗುಂಪು ಕೂರುತ್ತಿದ್ದರು, ಶಾಲೆಯಲ್ಲಿ ಕೂರುವ ಹಾಗೆಯೇ, ದೊಡ್ಡವರು ಚಿಕ್ಕವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಇಡೀ ದಿನದ ಆಡಿಯೋ, ವಿಡಿಯೋಗಳಿಂದ ಆಗದ್ದು ಆ ಎರಡು ನಿಮಿಷದಿಂದ ಆಗುತ್ತಿತ್ತು. ಎಲ್ಲರಿಗೂ ಆಯಿತು ಎಂದು ಹೇಳಲಾರೆ. ಇಟ್ಟಿಗೆ ಗೂಡಿನ ಕಡೆಯ ಮಕ್ಕಳು ದೂರದವರು, ಅವರು ಬರಲಿಲ್ಲ.

ಹೆದರಿಕೆಗೆ ಕಾರಣ ಇರಲಿಲ್ಲ ಎಂದಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ಯಾವ ಶಿಕ್ಷಕರೂ ಆ ಮಾತು ಆಡಲಾರರು. ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಮೇಷ್ಟ್ರೊಬ್ಬರು ಆಗ ಹೋದರು. ತರಬೇತಿಗಳಲ್ಲಿ ನನ್ನ ಪಕ್ಕ ಕೂರುತ್ತಿದ್ದವರು. 2020ರಲ್ಲಿ ವಿದ್ಯಾಗಮ ನಿಂತದ್ದೂ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳ ನಡುವೆಯೇ. ಮೊದಲ ಅಲೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಎರಡನೆಯದರಲ್ಲಿ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಆ ಎರಡು ಸಲ ಶಾಲೆ ಮುಚ್ಚಿದ್ದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. 2022ರ ಜನವರಿಯಲ್ಲಿ ನಾವೆಲ್ಲ ಎರಡು ಡೋಸ್ ಹಾಕಿಸಿಕೊಂಡಿದ್ದೆವು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲೇ ಡಿಸೆಂಬರ್ 2ರಂದು ಪತ್ತೆಯಾಗಿ ತಿಂಗಳಾಗಿತ್ತು. ಮುಚ್ಚುವುದೇ ಆದರೆ ಯಾರನ್ನು ಮೊದಲು ಹೊರಗೆ ನಿಲ್ಲಿಸಬೇಕು ಎಂದು ಯೋಚಿಸಲು ಸಮಯ ಇತ್ತು. ಒಂದರಿಂದ ಒಂಬತ್ತು ಎಂದು ಒಂದೇ ಗೆರೆ ಎಳೆದರಲ್ಲ, ನನ್ನ ತಕರಾರು ಇರುವುದು ಆ ಗೆರೆಯ ಬಗ್ಗೆ.

ಅದು ಹೊಸದೇನೂ ಅಲ್ಲ. 2021ರ ಜನವರಿ 1ಕ್ಕೆ ಮೊದಲು ತೆರೆದದ್ದು ಹತ್ತು ಮತ್ತು ದ್ವಿತೀಯ ಪಿಯುಸಿ. ಫೆಬ್ರವರಿ 1ಕ್ಕೆ ಒಂಬತ್ತು ಮತ್ತು ಪ್ರಥಮ ಪಿಯುಸಿ. ಫೆಬ್ರವರಿ 22ಕ್ಕೆ ರಾಜ್ಯದ ಬಹುಭಾಗದಲ್ಲಿ ಆರರಿಂದ ಎಂಟು. ಒಂದರಿಂದ ಐದರ ಸರದಿ ಬರುವ ಮೊದಲೇ ಎರಡನೇ ಅಲೆ ಬಂತು. ಮತ್ತೆ ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲೆ, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ನನ್ನ ಮಕ್ಕಳು. ಪ್ರತಿ ಸಲವೂ ಪುಟ್ಟವರು ಕಡೆಗೆ. ಪಬ್ಲಿಕ್ ಪರೀಕ್ಷೆ ಯಾರಿಗಿದೆಯೋ ಅವರಿಗೆ ಶಾಲೆ ಮೊದಲು ಸಿಕ್ಕಿತು. ಎಸ್ಎಸ್ಎಲ್‌ಸಿಗೆ ಅಂಕ ಬರುತ್ತದೆ, ಪತ್ರಿಕೆಯಲ್ಲಿ ಜಿಲ್ಲಾವಾರು ಸ್ಥಾನ ಬರುತ್ತದೆ. ಒಂದನೇ ತರಗತಿಯ ಮಗು ಓದಲು ಕಲಿಯದಿದ್ದರೆ ಆ ವರ್ಷ ಯಾವ ಪಟ್ಟಿಯಲ್ಲೂ ಅದು ಕಾಣುವುದಿಲ್ಲ.

ಹತ್ತನೇ ತರಗತಿಯ ಹುಡುಗ ಪುಸ್ತಕ ತೆರೆದು ಒಬ್ಬನೇ ಓದಬಲ್ಲ. ಅವರಿಗೆ ದೂರದರ್ಶನ ಚಂದನದಲ್ಲಿ 2020ರ ಜುಲೈನಿಂದಲೇ 'ಸಂವೇದ' ಪಾಠಗಳು ಬಂದವು, ಕಷ್ಟಪಟ್ಟು ನೋಡಿ ಕಲಿತವರಿದ್ದಾರೆ. ಗದಗ ಜಿಲ್ಲೆಯ ತಾಯಿಯೊಬ್ಬರು ಆ ಪಾಠಗಳಿಗಾಗಿ ತಾಳಿ ಅಡವಿಟ್ಟು ಟಿವಿ ತಂದ ಸುದ್ದಿ ಓದಿ ನಾವೆಲ್ಲ ಕಣ್ಣೀರಾದೆವು. ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಆ ಹುಡುಗಿಗೆ ಬೇಕಿದ್ದದ್ದು ನೆಟ್‌ವರ್ಕ್, ಅದು ಸಿಕ್ಕಿದ್ದರೆ ಅವಳು ಕಲಿಯುತ್ತಿದ್ದಳು. ನನ್ನ ತರಗತಿಯ ಮಗುವಿಗೆ ಟವರ್ ಕೊಡಿ, ಟ್ಯಾಬ್ ಕೊಡಿ, ಉಚಿತ ಡೇಟಾ ಕೊಡಿ, ಅದು ಓದಲು ಕಲಿಯುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂರಬೇಕು, ಬೆರಳು ಎಲ್ಲಿ ತಡೆಯಿತು ಎಂದು ನೋಡಬೇಕು.

ಸರ್ಕಾರಕ್ಕೇ ಇದು ಒಮ್ಮೆ ಗೊತ್ತಿತ್ತು. 2020ರ ಜೂನ್‌ನಲ್ಲಿ ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದು ನಿಷೇಧ ಹೊರಡಿಸಿದರು. ಪೋಷಕರು ಹೈಕೋರ್ಟಿಗೆ ಹೋದರು, ಜುಲೈ 8ರಂದು ಅದಕ್ಕೆ ತಡೆ ಸಿಕ್ಕಿತು. ಕಲಿಯುವ ಹಕ್ಕನ್ನು ಹಾಗೆ ನಿಲ್ಲಿಸಲಾಗದು ಎಂಬ ನ್ಯಾಯಾಲಯದ ನಿಲುವೂ ನನಗೆ ಸರಿಯೆನಿಸುತ್ತದೆ. ನಿಷೇಧದ ಹಿಂದಿನ ತಿಳಿವಳಿಕೆ ಸುಳ್ಳಲ್ಲ, ಚಿಕ್ಕ ಮಗುವಿಗೆ ಪರದೆಯ ಪಾಠ ಪಾಠವಲ್ಲ ಎಂಬುದು. ಒಂದೂವರೆ ವರ್ಷದ ಮೇಲೆ ಅದೇ ಮಕ್ಕಳಿಗೆ ಅದೇ ಪರದೆಯನ್ನು ಆದೇಶದ ಮೂಲಕ ಕೊಟ್ಟೆವು.

ಬೇರೆ ಕಡೆ ಬೇರೆ ರೀತಿ ಮಾಡಿದವರಿದ್ದರು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆಯಲು ಹೊರಟಾಗ ಮೊದಲು ಕರೆದದ್ದು ಶಿಶುವಿಹಾರದವರನ್ನು ಮತ್ತು ಐದನೇ ತರಗತಿವರೆಗಿನವರನ್ನು. ಸಣ್ಣ ಗುಂಪುಗಳು, ಆದಷ್ಟು ಹೊತ್ತು ಬಯಲಿನಲ್ಲಿ. ದೊಡ್ಡವರು ಮೇ ತಿಂಗಳಲ್ಲಿ ಬಂದರು. ಅದು ಶ್ರೀಮಂತ ದೇಶ ಎನ್ನುವಿರಿ. ಸರಿ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ 2021ರ ಜುಲೈ 20ರಂದು ದೆಹಲಿಯಲ್ಲಿ ಪತ್ರಕರ್ತರ ಮುಂದೆ ಹೇಳಿದ್ದೇನು? ಸಿಬ್ಬಂದಿಗೆ ಲಸಿಕೆ ಹಾಕಿಸಿ, ತೆರೆಯುವುದಾದರೆ ಪ್ರಾಥಮಿಕ ಶಾಲೆಯನ್ನೇ ಮೊದಲು ತೆರೆಯುವುದು ಜಾಣತನ, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ ಎಂದು. ಅಂದೇ ಹೊರಬಂದ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57ರಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಇತ್ತು. ಮನೆಯಲ್ಲಿ ಕೂರಿಸಿದ್ದ ಮಕ್ಕಳಿಗೇ ಅಷ್ಟು ಹೊತ್ತಿಗೆ ಸೋಂಕು ಬಂದು ಹೋಗಿತ್ತು. ಒಂದು ತಿಂಗಳ ಮೇಲೆ ನಮ್ಮ ರಾಜ್ಯ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಬಾಗಿಲು ತೆರೆಯಿತು.

ಎರಡು ವಾರ ಎಂದದ್ದು ಜನವರಿ ಕೊನೆಯವರೆಗೂ ಹೋಯಿತು. 31ಕ್ಕೆ ಮಕ್ಕಳು ಬಂದರು. ಜನವರಿ 4ರಂದು ರಾಜ್ಯದಲ್ಲಿ ದಿನಕ್ಕೆ ಎರಡೂವರೆ ಸಾವಿರದ ಆಸುಪಾಸು ಪ್ರಕರಣ ಇದ್ದವು, 23ರಂದು 50 ಸಾವಿರ ದಾಟಿತು, ಶಾಲೆ ತೆರೆದ ದಿನವೂ 20 ಸಾವಿರಕ್ಕಿಂತ ಹೆಚ್ಚು. ಮುಚ್ಚಿದ ದಿನದ ಹಲವು ಪಟ್ಟು ಸೋಂಕು ಇದ್ದಾಗಲೇ ತೆರೆಯಲು ಸಾಧ್ಯವಾಯಿತು, ಏಕೆಂದರೆ ಆಸ್ಪತ್ರೆಗಳು ತುಂಬಿರಲಿಲ್ಲ. ತೆರೆದದ್ದು ಸರಿ. ಹಾಗೆ ಆಸ್ಪತ್ರೆಯ ಹಾಸಿಗೆ ನೋಡಿ ನಿರ್ಧರಿಸಬಹುದಾದರೆ ಮೂರು ವಾರ ಮೊದಲೂ ನೋಡಬಹುದಿತ್ತು.

ಕಳೆದದ್ದು ಮೂರುಚಿಲ್ಲರೆ ವಾರ ತಾನೇ ಎಂದು ನನ್ನ ತಮ್ಮನೇ ಕೇಳಿದ. ಬಿತ್ತನೆಗೊಂದು ಹದ ಇರುವ ಹಾಗೆ ಓದಿಗೂ ಇದೆ, ಹದ ತಪ್ಪಿದ ಮೇಲೆ ಎಷ್ಟು ನೀರು ಹಾಯಿಸಿದರೂ ಪೈರು ಸಮನಾಗಿ ಏಳುವುದಿಲ್ಲ. ಹತ್ತು ವಾರದಲ್ಲಿ ಕಾಗುಣಿತಕ್ಕೆ ಬಂದಿದ್ದವರು ಫೆಬ್ರವರಿಯಲ್ಲಿ ಮತ್ತೆ ಮೂಲಾಕ್ಷರದಲ್ಲಿ ತಡವರಿಸಿದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರಿಶೀಲಿಸಿ 2021ರ ಫೆಬ್ರವರಿಯಲ್ಲಿ ಹೇಳಿದ್ದು ಇದನ್ನೇ: ಎರಡರಿಂದ ಆರನೇ ತರಗತಿಯ ಶೇ 92ರಷ್ಟು ಮಕ್ಕಳು ಹಿಂದೆ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಹೊಸದು ಕಲಿಯಲಿಲ್ಲ ಎಂಬುದು ಒಂದು, ಇದ್ದದ್ದೂ ಹೋಯಿತು ಎಂಬುದು ಇನ್ನೊಂದು. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 19.2 ಇದ್ದದ್ದು 2021ರ ಆರಂಭದ 'ಅಸರ್' ಸಮೀಕ್ಷೆಯಲ್ಲಿ ಶೇ 9.8ಕ್ಕೆ ಇಳಿಯಿತು. ಮೊದಲೇ ಐವರಲ್ಲಿ ಒಬ್ಬರು, ಆಮೇಲೆ ಹತ್ತರಲ್ಲಿ ಒಬ್ಬರು.

ಮುಂದಿನ ಶಾಲಾ ವರ್ಷ 'ಕಲಿಕಾ ಚೇತರಿಕೆ' ಬಂತು. 2022ರ ಮೇ 16ಕ್ಕೇ ಶಾಲೆ ಶುರುವಾಯಿತು, ಮೊದಲು ಮಳೆಬಿಲ್ಲು ಎಂದು ಆಟ ಹಾಡು, ಆಮೇಲೆ ಹಿಂದಿನ ಎರಡು ವರ್ಷದ ಕಲಿಕೆಯನ್ನು ಕೂಡಿಸಿಕೊಳ್ಳುವ ಹಾಳೆಗಳು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅದು, ಅದರಿಂದ ಮೇಲೆದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಒಂದೇ ವರ್ಷಕ್ಕೆ ಮುಗಿಯುವ ಕೆಲಸ ಅಲ್ಲ ಅದು ಎಂಬುದನ್ನೂ ಕಂಡಿದ್ದೇನೆ. ಆ ಜನವರಿಯಲ್ಲಿ ಮೂರನೇ ತರಗತಿಯಲ್ಲಿದ್ದವರು 2024-25ರಲ್ಲಿ ಆರಕ್ಕೆ ಬಂದರು. ಅವರಲ್ಲಿ ಕೆಲವರು ಒತ್ತಕ್ಷರ ಬಂದಾಗ ನಿಂತು, ಪಕ್ಕದವರ ಮುಖ ನೋಡಿ, ಊಹಿಸಿ ಓದುತ್ತಿದ್ದರು. ವಿಜ್ಞಾನ, ಸಮಾಜ ಹೇಳುವ ಮೇಷ್ಟ್ರು 'ವಿಷಯ ಗೊತ್ತಿದೆ ಮೇಡಂ ಅವರಿಗೆ, ಪ್ರಶ್ನೆ ಓದೋಕೆ ಬರಲ್ಲ' ಎನ್ನುತ್ತಿದ್ದರು.

ಮುಂದೊಂದು ಕಾಯಿಲೆ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಹಾಗಾಗಿ ಕ್ಲಸ್ಟರ್ ಸಭೆಯಲ್ಲಿ ನಾನು ಬರೆದು ಕೊಟ್ಟಿದ್ದೇನೆ. ಮುಚ್ಚಲೇಬೇಕಾದರೆ ನಲಿ-ಕಲಿ ತರಗತಿಗಳನ್ನು ಎಲ್ಲಕ್ಕಿಂತ ಕಡೆಗೆ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು. ಪೂರ್ತಿ ಮುಚ್ಚುವ ಬದಲು ಹತ್ತು ಹತ್ತು ಮಕ್ಕಳನ್ನು ಬಯಲಲ್ಲಿ, ಜಗಲಿಯಲ್ಲಿ ಕೂರಿಸಲು ಶಾಲೆಗೆ ಅಧಿಕಾರ ಇರಬೇಕು. ವಿದ್ಯಾಗಮದಲ್ಲಿ ನಮಗೆ ಅದರ ಅಭ್ಯಾಸ ಆಗಿದೆ, ಅದರ ಅಪಾಯವೂ ಗೊತ್ತಿದೆ, ಮಾಸ್ಕು ಮತ್ತು ಪರೀಕ್ಷೆಯ ಏರ್ಪಾಡಿನೊಂದಿಗೆ ಮಾಡಬಹುದು. ಬಿಸಿಯೂಟ ನಿಲ್ಲಬಾರದು. ಜಿಲ್ಲೆಗೊಂದೇ ಆದೇಶ ಬೇಡ, ಊರಿನಲ್ಲಿ ಎಷ್ಟು ಕಾಯಿಲೆ ಇದೆ ಎಂದು ಆಶಾ ಕಾರ್ಯಕರ್ತೆಗೂ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಗೊತ್ತಿರುತ್ತದೆ, ಅವರನ್ನು ಕೇಳಬೇಕು. ನಮ್ಮ ನಲಿ-ಕಲಿ ಕೋಣೆಯ ಎರಡು ಕಿಟಕಿಗಳು ತುಕ್ಕು ಹಿಡಿದು ತೆರೆಯುವುದಿಲ್ಲ, ಗಾಳಿ ಆಡಬೇಕಾದರೆ ಅವು ತೆರೆಯಬೇಕು. ಅದರ ರಿಪೇರಿಯನ್ನೂ ಆ ಪತ್ರದಲ್ಲೇ ಸೇರಿಸಿದ್ದೇನೆ.